ಮಕ್ಕಳ ಮೊದಲ ಕಾರು: ಹಳೆಯದರಲ್ಲಿ ಒಳ್ಳೆಯದನ್ನು ಆರಿಸುವುದು

ಹೊಸದಾಗಿ ಲೈಸೆನ್ಸ್ ಪಡೆದ ಮಕ್ಕಳು ಮಜಾ ಎಂದರೆ ವೇಗ ಅಂದುಕೊಳ್ಳುತ್ತಾರೆ. ಹೆತ್ತವರೂ ಹಾಗೇ ಅಂದುಕೊಂಡು ಹೆದರುತ್ತಾರೆ. ಓಡಿಸುವ ಸುಖ ಇರುವುದು ಕಾರಿನ ತೂಕದಲ್ಲಿ, ಸ್ಟಿಯರಿಂಗಿನಲ್ಲಿ, ಗೇರಿನಲ್ಲಿ. 1,000ದಿಂದ 1,300 ಕೆ.ಜಿ. ತೂಗುವ, 80ರಿಂದ 130 ಅಶ್ವಶಕ್ತಿಯ ಮ್ಯಾನುಯಲ್ ಹ್ಯಾಚ್‌ಬ್ಯಾಕ್ ಸಾಕು. ತಿರುವಿಗೆ ಮುಂಚೆ ಗೇರ್ ಇಳಿಸಿ, ತಿರುವು ಬಿಚ್ಚಿಕೊಳ್ಳುತ್ತಿದ್ದಂತೆ ಆಕ್ಸಿಲರೇಟರ್ ಒತ್ತಿದಾಗ ಸಿಗುವ ಖುಷಿ ಇದರಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲೇ ಸಿಗುತ್ತದೆ. 250 ಅಶ್ವಶಕ್ತಿಯ ಕಾರಿನಲ್ಲಿ ಅದೇ ಖುಷಿ ಬೇಕೆಂದರೆ ಅಪಾಯದ ವೇಗ ಮುಟ್ಟಬೇಕಾಗುತ್ತದೆ.

ಹಾಗೆಂದು ತೀರಾ ಪುಟ್ಟ ಕಾರಿಗೂ ಇಳಿಯಬೇಡಿ. ಭಾರದ ವಾಹನಕ್ಕೆ ಡಿಕ್ಕಿಯಾದಾಗ ಹೆಚ್ಚು ಪೆಟ್ಟು ತಿನ್ನುವುದು ಹಗುರ ಕಾರು. ನಮ್ಮ ಆಯ್ಕೆ ಹೋಂಡಾ ಸಿವಿಕ್ ಅಥವಾ ಮಾಜ್ದಾ 3, ಎರಡೂ ಮ್ಯಾನುಯಲ್. ಬಜೆಟ್ ಕಡಿಮೆಯಿದ್ದರೆ ಸುಜುಕಿ ಸ್ವಿಫ್ಟ್, ಹೋಂಡಾ ಜಾಝ್. ಫೋರ್ಡ್ ಫಿಯೆಸ್ಟಾದ ಸ್ಟಿಯರಿಂಗ್ ಬಹಳ ಚೆನ್ನ, ಆದರೆ ಮ್ಯಾನುಯಲ್ ಗೇರಿನದನ್ನೇ ಕೊಳ್ಳಿ. ಅದರ ಆಟೊಮ್ಯಾಟಿಕ್ ಮಾದರಿಯ ಡ್ರೈ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ನಿಧಾನಗತಿಯಲ್ಲಿ ಜರ್ಕ್ ಹೊಡೆಯುತ್ತದೆಂದು ಬಂದ ದೂರುಗಳಿಗೆ ಲೆಕ್ಕವಿಲ್ಲ. 1989ರಿಂದ ಬರುತ್ತಿರುವ ಮಾಜ್ದಾ ಎಂಎಕ್ಸ್-5 ಎಲ್ಲರ ಕನಸು. ಎರಡೇ ಸೀಟು ಇರುವುದರಿಂದ ಗೆಳೆಯರ ಗುಂಪು ತುಂಬಿಕೊಳ್ಳಲಾಗದು ಎಂಬುದು ಅದರ ದೊಡ್ಡ ಗುಣವೇ. ಆದರೆ ಎಂಜಿನ್ ಬಲ ಹಿಂದಿನ ಚಕ್ರಗಳಿಗೆ ಹೋಗುವ ಆ ಕಾರಿನ ಹಳೆಯ ಮಾಡೆಲ್‌ಗಳಲ್ಲಿ ಸ್ಟೆಬಿಲಿಟಿ ಕಂಟ್ರೋಲ್ (ಜಾರುವ ಕಾರನ್ನು ತಾನೇ ಹಿಡಿತಕ್ಕೆ ತರುವ ವ್ಯವಸ್ಥೆ) ಇಲ್ಲ. ಮಳೆಯಲ್ಲಿ ಹಿಂಭಾಗ ಜಾರಿದರೆ ಹೊಸಬರಿಗೆ ಹಿಡಿತಕ್ಕೆ ಸಿಗುವುದಿಲ್ಲ. ಅದು ಎರಡನೇ ಕಾರಾಗಲಿ.

ಸ್ಟೆಬಿಲಿಟಿ ಕಂಟ್ರೋಲ್ ಇಲ್ಲದ ಕಾರನ್ನು ಮಕ್ಕಳಿಗೆ ಕೊಡಬೇಡಿ. ಈ ಒಂದು ವಿಷಯದಲ್ಲಿ ರಾಜಿ ಇಲ್ಲ. ಕಾರು ಅಡ್ಡಡ್ಡ ತಿರುಗತೊಡಗಿದಾಗ ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಅದು ಗಾಡಿಯನ್ನು ದಾರಿಗೆ ತರುತ್ತದೆ. ಯಾವ ಚಾಲಕನ ಕಾಲಿಗೂ ಆ ಕೆಲಸ ಸಾಧ್ಯವಿಲ್ಲ. ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ, ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ. ಉಳಿದೆಡೆ ಒಂದೇ ಮಾಡೆಲ್‌ನ ಒಂದು ವೇರಿಯಂಟ್‌ನಲ್ಲಿ ಇದ್ದು ಇನ್ನೊಂದರಲ್ಲಿ ಇರದಿರಬಹುದು. ಕೀ ತಿರುಗಿಸಿದಾಗ ಜಾರುವ ಕಾರಿನ ಚಿತ್ರ ಮೀಟರಿನಲ್ಲಿ ಬೆಳಗಿ ಆರುತ್ತದೆಯೇ ನೋಡಿ.

ಏರ್‌ಬ್ಯಾಗ್ ದೀಪವೂ ಹಾಗೆಯೇ ಬೆಳಗಿ ಕೆಲವು ಕ್ಷಣಗಳಲ್ಲಿ ಆರಬೇಕು. ಆರದಿದ್ದರೆ ದೋಷ. ಬೆಳಗಲೇ ಇಲ್ಲವೆಂದರೆ ಇನ್ನೂ ಕೆಟ್ಟದ್ದು, ದೋಷ ಮುಚ್ಚಿಡಲು ಯಾರೋ ದೀಪವನ್ನೇ ಕಿತ್ತಿರಬಹುದು. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳು ಸೆಕೆ, ತೇವಾಂಶಕ್ಕೆ ಹಾಳಾಗಿ ಸಿಡಿದಾಗ ಲೋಹದ ಚೂರು ಎರಚುತ್ತವೆಂದು ಹಲವು ಬ್ರ್ಯಾಂಡ್‌ಗಳ ಕೋಟ್ಯಂತರ ಕಾರುಗಳನ್ನು ವಾಪಸ್ ಕರೆಸಲಾಗಿತ್ತು. ಕಾರಿನ ಚಾಸಿ ನಂಬರ್ ಕೊಟ್ಟು, ಆ ಬದಲಾವಣೆ ಆಗಿದೆಯೇ ಎಂದು ತಯಾರಕರಲ್ಲಿ ವಿಚಾರಿಸಿ. ಬದಲಾವಣೆ ಉಚಿತ.

ಇನ್ನು ಕಾರು ನೋಡುವ ಕೆಲಸ. ಹಗಲು ಹೊತ್ತಿನಲ್ಲಿ, ಮಳೆ ಇಲ್ಲದಾಗ ಹೋಗಿ. ‘ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಎಂದು ಮೊದಲೇ ಹೇಳಿಡಿ. ಹೋದವರೇ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿಯಿದ್ದರೆ ಬೇರೆ ದಿನ ಬನ್ನಿ, ಏಕೆಂದರೆ ಎಂಜಿನ್ನಿನ ಕಾಯಿಲೆಗಳು ಬಾಯಿಬಿಡುವುದು ತಣ್ಣಗಿದ್ದಾಗ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು ಒಳಮೈಯನ್ನು ಬೆರಳಿನಿಂದ ಒರೆಸಿ. ತೆಳು ಕಂದು ಪದರ ಸಹಜ. ದಪ್ಪ ಕಪ್ಪು ಕೆಸರಿದ್ದರೆ ಆಯಿಲ್ ಸಕಾಲಕ್ಕೆ ಬದಲಿಸಿಲ್ಲ. ಮಜ್ಜಿಗೆಯಂಥ ಬಿಳಿ ನೊರೆ ಕಂಡರೆ ಎಚ್ಚರ: ಚಿಕ್ಕಪುಟ್ಟ ಓಡಾಟವೇ ಹೆಚ್ಚಿದ್ದ ಕಾರಿನಲ್ಲಿ ಚಳಿಗಾಲದಲ್ಲಿ ತೇವಕ್ಕೂ ಹಾಗಾಗುತ್ತದೆ. ಆದರೆ ಡಿಪ್‌ಸ್ಟಿಕ್ಕಿನಲ್ಲೂ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಅದೇ ಬಣ್ಣವಿದ್ದು, ಎಂಜಿನ್ ತಂಪಾಗಿಡುವ ಕೂಲಂಟ್ ದ್ರವದ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲಿನ ಮತ್ತು ಕೆಳಗಿನ ಭಾಗಗಳ ನಡುವಿನ ಸೀಲ್) ಹೋಗಿರುವ ಸಂಭವವೇ ಹೆಚ್ಚು. ಅಂಥ ಕಾರನ್ನು ಬಿಟ್ಟುಬಿಡಿ.

ಈಗ ಒಬ್ಬರು ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ಸೈಲೆನ್ಸರ್ ಬಳಿ ನಿಲ್ಲಲಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ; ಸ್ಟಾರ್ಟ್ ಆದ ಕ್ಷಣ ಮಾತ್ರ ಬಂದು ನಿಂತರೆ ವಾಲ್ವ್ ಸೀಲ್, ಸದಾ ಬರುತ್ತಿದ್ದರೆ ಪಿಸ್ಟನ್ ರಿಂಗ್. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ಕೂಲಂಟ್ ಉರಿಯುತ್ತಿರುವುದರ ಗುರುತು.

ಪಿಸ್ಟನ್, ವಾಲ್ವ್ ಚಲನೆಯನ್ನು ಹೊಂದಿಸಿಡುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನೋ ಚೈನ್ ಇರುವುದೋ ಕೇಳಿಕೊಳ್ಳಿ. ಬೆಲ್ಟಿಗೆ ಕಿಲೋಮೀಟರ್ ಮಿತಿಯೂ ಇದೆ, ವರ್ಷದ ಮಿತಿಯೂ ಇದೆ. ಎರಡೂ ಮ್ಯಾನುಯಲ್ ಪುಸ್ತಕದಲ್ಲಿ ಇರುತ್ತವೆ. ಕಡಿಮೆ ಓಡಿದೆ ಎಂದು ಹಿಗ್ಗುವವರು ಈ ಎರಡನೆಯದನ್ನು ಮರೆಯುತ್ತಾರೆ. ಬೆಲ್ಟ್ ತುಂಡಾದರೆ ಬಹುತೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ರಿಪೇರಿ ಖರ್ಚು ಕಾರಿನ ಬೆಲೆಯನ್ನೇ ಮುಟ್ಟಬಹುದು. ಬದಲಿಸಿದ ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಿಡಿದು ಬೆಲೆ ಇಳಿಸಿ.

ನೀರಲ್ಲಿ ಮುಳುಗಿದ ಕಾರನ್ನು ಎಷ್ಟೇ ತೊಳೆದು ಹೊಳೆಯಿಸಿದರೂ ಸೀಟ್ ಬೆಲ್ಟ್ ಸತ್ಯ ಹೇಳುತ್ತದೆ. ಪಟ್ಟಿಯನ್ನು ಕೊನೆಯವರೆಗೂ ಎಳೆಯಿರಿ. ಯಾವಾಗಲೂ ಸುರುಳಿಯೊಳಗೇ ಇರುವ ಆ ಕೊನೆಯ ಒಂದಡಿಯಲ್ಲಿ ಮಣ್ಣಿನ ಗೆರೆಯೋ ಬೂಷ್ಟಿನ ವಾಸನೆಯೋ ಇದ್ದರೆ ಮಾತು ಮುಗಿಯಿತು. ಅಪಘಾತದ ಗುರುತಿಗೆ ಬಾನೆಟ್ಟಿನ ಕೀಲುಗಳ ಬೋಲ್ಟ್ ನೋಡಿ. ಸ್ಪ್ಯಾನರ್ ತಾಗಿ ಬಣ್ಣ ಕಿತ್ತಿದ್ದರೆ ಒಮ್ಮೆ ಬಿಚ್ಚಿ ಹಾಕಿದ್ದಾರೆ.

ಟೈರಿನ ಬದಿಯಲ್ಲಿ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೈಮೇಲಿನ ಗೀರು ಎಷ್ಟೇ ಆಳವಿರಲಿ, ಹತ್ತು ವರ್ಷದ ಟೈರು ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಒಳಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸಸ್ಪೆನ್ಶನ್ ಕಡೆ ಗಮನ ಕೊಡಿ.

ಓಡಿಸಿ ನೋಡುವಾಗ ಖಾಲಿ ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ 50ರ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು, ಆರ್‌ಪಿಎಂ ಮುಳ್ಳು ಮೇಲೇರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕಡೆಗೆ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಒಂದು ಅಗ್ಗದ ಒಬಿಡಿ ಸ್ಕ್ಯಾನರ್ ಚುಚ್ಚಿ. ಎರರ್ ಕೋಡ್ ಇಲ್ಲ ಎಂದ ಮಾತ್ರಕ್ಕೆ ನಿರಾಳರಾಗಬೇಡಿ, ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡದ್ದರ ‘ರೆಡಿನೆಸ್’ ಪಟ್ಟಿಯನ್ನೂ ನೋಡಿ. ಬಹುತೇಕ ಪರೀಕ್ಷೆಗಳು ಅಪೂರ್ಣ ಎಂದು ತೋರಿಸಿದರೆ ನಿಮ್ಮ ಬರವಿಗೆ ಸ್ವಲ್ಪ ಮುಂಚೆ ಕೋಡ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಕಳಚಿರಬಹುದು.

ಇಷ್ಟೆಲ್ಲ ಪಾಸಾದರೂ ನಿಮ್ಮ ಕಡೆಯ ಮೆಕ್ಯಾನಿಕ್ ಒಬ್ಬರು ಲಿಫ್ಟಿನ ಮೇಲೆ ಏರಿಸಿ ಅಡಿಭಾಗದ ತುಕ್ಕು ನೋಡಲಿ. ಬಜೆಟ್ಟಿನ ಐದನೇ ಒಂದು ಭಾಗವನ್ನು ಕೊಳ್ಳುವಾಗ ಮುಟ್ಟದೆ ಇಟ್ಟುಕೊಳ್ಳಿ. ಮೊದಲ ವಾರವೇ ಆಯಿಲ್, ಫಿಲ್ಟರ್, ಬ್ರೇಕ್ ಫ್ಲುಯಿಡ್ ಬದಲಿಸಲು ಅದು ಬೇಕು. ಬ್ರೇಕ್ ಫ್ಲುಯಿಡ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಹಳೆಯದಾದಂತೆ ಕಡಿಮೆ ಬಿಸಿಗೇ ಕುದಿಯುತ್ತದೆ. ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುವುದು ಹೀಗೆಯೇ.

ಆಮೇಲೆ ಮಗಳನ್ನೋ ಮಗನನ್ನೋ ಖಾಲಿ ಮೈದಾನಕ್ಕೆ ಕರೆದೊಯ್ಯಿರಿ. 40ರ ವೇಗದಲ್ಲಿ ಕ್ಲಚ್, ಬ್ರೇಕ್ ಎರಡನ್ನೂ ಒಮ್ಮೆಲೇ ಕೊನೆಯವರೆಗೆ ಒತ್ತಲು ಹೇಳಿ. ಚಕ್ರ ಬಿಗಿದುಕೊಂಡು ಜಾರದಂತೆ ತಡೆಯುವ ಎಬಿಎಸ್ ಎದ್ದಾಗ ಪೆಡಲ್ ಕಾಲಡಿಯಲ್ಲಿ ಟಕಟಕ ಒದೆಯುತ್ತದೆ. ಮೊದಲ ಸಲ ಹೆಚ್ಚಿನವರು ಗಾಬರಿಯಾಗಿ ಕಾಲು ಎತ್ತಿಬಿಡುತ್ತಾರೆ. ಕಾಲು ಎತ್ತದೆ, ಸ್ಟಿಯರಿಂಗ್ ತಿರುಗಿಸಿ ಎದುರಿನ ಖಾಲಿ ಡಬ್ಬವನ್ನು ತಪ್ಪಿಸುವವರೆಗೆ ಮತ್ತೆ ಮತ್ತೆ ಮಾಡಿಸಿ.