ಸ್ಟ್ರೆಚ್ ಹೇಳಿಕೊಟ್ಟೆ, ಮಾಡೋದನ್ನು ನೋಡಲಿಲ್ಲ

ಬಳ್ಳಾರಿಯಲ್ಲಿ ಫಿಸಿಯೋ ಆಗಿ ಕೆಲಸ ಮಾಡಿದರೆ ಜೀನ್ಸ್ ಹೊಲಿಯುವವರು ಬಂದೇ ಬರುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಸ್ಟೂಲ್ ಮೇಲೆ ಕೂತು ಕೂತು ತೊಡೆಯ ಮುಂಭಾಗ, ಒಳಗಿನ ಸೋಯಾಸ್ ಎರಡೂ ಬಿಗಿಯಾಗಿರುತ್ತವೆ. ಸೋಯಾಸ್ ಸೊಂಟದ ಮೂಳೆಗಳಿಂದ ಹೊರಟು ತೊಡೆಮೂಳೆಗೆ ಅಂಟಿಕೊಂಡಿರುವ ಸ್ನಾಯು. ಅದು ಬಿಗಿಯಾದರೆ ಎದ್ದು ನಿಂತಾಗ ಸೊಂಟವನ್ನು ಮುಂದಕ್ಕೆ ಎಳೆಯುತ್ತದೆ. ಸೊಂಟದಲ್ಲಿ ಬಾಗು ಎಲ್ಲರಿಗೂ ಇರಬೇಕು, ಇವರಲ್ಲಿ ಅದು ಜಾಸ್ತಿ.

ಅವತ್ತು ಬಂದ ಅಣ್ಣನಿಗೂ ಹಾಗೇ. ಬಿಗಿತ ನೋಡೋಕೆ ಅಂಗಾತ ಮಲಗಿಸಿ, ಬಲಮಂಡಿಯನ್ನು ಎದೆಗೆ ಹಿಡಿಸಿ ಥಾಮಸ್ ಟೆಸ್ಟ್ ಮಾಡಿದೆ, ಎಡತೊಡೆ ಕೌಚ್ ಬಿಟ್ಟು ಮೇಲೇ ನಿಂತಿತು. ಒಂದು ಮಂಡಿ ಊರಿ ಈ ಸ್ನಾಯುಗಳನ್ನು ಎಳೆಯುವ ಹಿಪ್ ಫ್ಲೆಕ್ಸರ್ ಸ್ಟ್ರೆಚ್, ಮೂವತ್ತು ಸೆಕೆಂಡ್, ಮೂರು ಸಲ ಅಂತ ಬರೆದೆ. ನಾನೇ ಒಮ್ಮೆ ಮಾಡಿ ತೋರಿಸಿ ಕಳಿಸಿದೆ. ಹೊರಗೆ ಆರು ಟೋಕನ್ ಕಾಯ್ತಾ ಇತ್ತು.

ವಾರ ಬಿಟ್ಟು ಹೆಂಡತಿಯ ಜೊತೆ ಬಂದರು. "ಒಂದ್ ದಿನಾನೂ ಬಿಟ್ಟಿಲ್ಲ ಸರ್, ಆದ್ರೂ ನೋವು ಜಾಸ್ತಿ ಆಗೇತಿ." ನಾನು ನಂಬಲಿಲ್ಲ. ಮಾಡಿರಲಿಕ್ಕಿಲ್ಲ ಅಂದುಕೊಂಡೆ. "ಮಾಡಿ ತೋರಿಸಿ ಅಣ್ಣ" ಅಂದೆ.

ಮಂಡಿ ಊರಿದರು, ಎದೆ ಎತ್ತಿ ಜೋರಾಗಿ ಮುಂದಕ್ಕೆ ತಳ್ಳಿದರು. ಸೊಂಟ ಬಿಲ್ಲಿನಂತೆ ಬಾಗಿತು. ಬೇಡ ಅನ್ನುವಷ್ಟರಲ್ಲಿ "ಅಯ್ಯಪ್ಪೋ" ಅಂತ ನನ್ನ ಭುಜ ಹಿಡಿದರು. ಅಲುಗಾಡಲು ಆಗಲಿಲ್ಲ. ನನ್ನ ಕೈ ತಣ್ಣಗಾಯಿತು. ನರ ಒತ್ತಿದೆಯೇನೋ ಅಂತ ಭಯವಾಗಿ, ಕಾಲು ಜೋಮು ಹಿಡಿದಿದೆಯಾ, ಹೆಬ್ಬೆರಳು ಎತ್ತೋಕೆ ಆಗುತ್ತಾ, ಮೂತ್ರಕ್ಕೆ ಹೋಗೋದರಲ್ಲಿ ಏನಾದರೂ ತೊಂದರೆ ಇದೆಯಾ ಅಂತ ಒಂದೊಂದೇ ಕೇಳಿದೆ. ಅದೆಲ್ಲ ಸರಿ ಇತ್ತು. ಅಂಗಾತ ಮಲಗಿಸಿ ಕಾಲುಗಳನ್ನು ಸ್ಟೂಲ್ ಮೇಲೆ ಇಟ್ಟೆ. ಉಸಿರು ಸಡಿಲ ಆಗೋಕೆ ಹತ್ತು ಹದಿನೈದು ನಿಮಿಷ ಬೇಕಾಯಿತು. ಕರ್ಟನ್ ಪಕ್ಕ ನಿಂತಿದ್ದ ಅವರ ಹೆಂಡತಿ ಏನೂ ಮಾತಾಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಆ ನೋಟ ಇವತ್ತಿಗೂ ಚುಚ್ಚುತ್ತದೆ.

ಅವರು ತಪ್ಪದೆ ಮಾಡಿದ್ದರು, ಅದಕ್ಕೇ ನೋವು ಹೆಚ್ಚಿತ್ತು. ಯಾವ ಬಾಗು ಕಡಿಮೆ ಮಾಡಬೇಕಿತ್ತೋ ಅದನ್ನೇ ದಿನವೂ ಒತ್ತುತ್ತಿದ್ದರು.

ನೋವು ಇಳಿದ ಮೇಲೆ, ಎರಡು ದಿನ ಬಿಟ್ಟು ಮತ್ತೆ ಶುರು ಮಾಡಿದೆವು. ಈ ಸಲ ಅವರ ಸೊಂಟದ ಮೇಲೆ ಅವರದೇ ಕೈ ಇಡಿಸಿದೆ. ಮೊದಲು ಕುಂಡಿ ಬಿಗಿ ಮಾಡಿ, ಹೊಕ್ಕುಳ ಕೆಳಗಿನ ಮೂಳೆಯನ್ನು ಮೇಲಕ್ಕೆ ತನ್ನಿ, ಮುಂದಕ್ಕೆ ಹೋಗಲೇಬೇಡಿ ಅಂದೆ. "ಈಗ ತೊಡಿ ಮುಂದ ಎಳೀತೈತಿ ಸರ್. ಅವಾಗ ಬರೇ ಸೊಂಟ ಎಳೀತಿತ್ತು" ಅಂದರು. ಈ ಮಾತನ್ನು ಮೊದಲ ದಿನವೇ ಕೇಳಬಹುದಿತ್ತು, ಎರಡು ನಿಮಿಷದ ಕೆಲಸ. ಸ್ಟ್ರೆಚ್ ಒಂದೇ ಸಾಲದು, ಹೊಟ್ಟೆಗೂ ಕುಂಡಿಗೂ ಬಲ ಬರಬೇಕು ಅಂತ ಆಮೇಲೆ ಅಂಗಾತ ಮಲಗಿ ಮಾಡುವ ಬ್ರಿಡ್ಜ್, ಡೆಡ್ ಬಗ್ ಅನ್ನೋ ವ್ಯಾಯಾಮಗಳನ್ನು ಸೇರಿಸಿದೆ. ಬಾಬಿನ್ ಖಾಲಿಯಾದಾಗಲೆಲ್ಲ ಎದ್ದು ನಿಲ್ಲಿ ಅಂತಲೂ ಹೇಳಿದೆ.

ನಮ್ಮ ಮ್ಯಾನೇಜ್‌ಮೆಂಟ್‌ಗೆ ಐಎಫ್‌ಟಿ ಅಂದರೆ ನೋವಿನ ಜಾಗಕ್ಕೆ ಸಣ್ಣ ಕರೆಂಟ್ ಕೊಡುವ ಮಷಿನ್ ಹಚ್ಚಿದರೆ ಬಿಲ್ ಬರುತ್ತದೆ. ಪೇಷಂಟ್ ವ್ಯಾಯಾಮ ಮಾಡೋದನ್ನು ನಿಂತು ನೋಡಿದರೆ ಬಿಲ್ ಇಲ್ಲ, ಟೋಕನ್ ತಡ ಆಯ್ತು ಅಂತ ಫೋನ್ ಬರುತ್ತದೆ. ಬರಲಿ. ನನ್ನ ಮುಂದೆ ಮೂರು ಸಲ ಸರಿಯಾಗಿ ಮಾಡದೆ ಯಾರನ್ನೂ ಮನೆಗೆ ಕಳಿಸುತ್ತಿಲ್ಲ.

ಮೊನ್ನೆ ಅದೇ ಅಣ್ಣನ ಪಕ್ಕದ ಮಷಿನ್‌ನವರು ಬಂದಿದ್ದರು. "ಅವ್ರು ಎಲ್ಲಾ ಹೇಳ್ಕೊಟ್ಟಾರ ಸರ್, ನಂಗ ಬರ್ತೈತಿ" ಅಂದರು. ಮಾಡಿ ತೋರಿಸಿ ಅಂದೆ. ಸೊಂಟ ಬಾಗುತ್ತಿತ್ತು. ಅವರ ಕೈ ಹಿಡಿದು ಸೊಂಟದ ಮೇಲೆ ಇಡಿಸಿ ಮೊದಲಿಂದ ಶುರು ಮಾಡಿದೆ.