ಮತದಾರರ ಪಟ್ಟಿಯಿಂದ ಹೆಸರು ಬಿಟ್ಟುಹೋಗುವುದು ಹೇಗೆ?

ಗುರುತಿನ ಚೀಟಿ ಕೈಯಲ್ಲಿದ್ದರೂ ಮತಗಟ್ಟೆಯಿಂದ ವಾಪಸ್ ಬಂದವರ ಅಳಲು ಪ್ರತಿ ಚುನಾವಣೆಯಲ್ಲೂ ಕೇಳಿಬರುತ್ತದೆ. ಚೀಟಿ ನೀವು ಯಾರೆಂದು ಹೇಳುತ್ತದೆ, ಅಷ್ಟೆ. ಮತ ಹಾಕುವ ಹಕ್ಕು ಇರುವುದು ಪಟ್ಟಿಯಲ್ಲಿ.

ಹೆಸರು ತೆಗೆಯಲು ಸಾಮಾನ್ಯವಾಗಿ ಕೊಡುವ ಕಾರಣ ಮೂರು: ಸಾವು, ಸ್ಥಳಾಂತರ, ಎರಡು ಕಡೆ ನೋಂದಣಿ. ಹೆಚ್ಚು ಅನ್ಯಾಯ ನಡೆಯುವುದು ಎರಡನೆಯದರಲ್ಲಿ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಂದಾಗ ಮನೆಗೆ ಬೀಗ. ಪಕ್ಕದವರು 'ಊರಲ್ಲಿಲ್ಲ' ಅಂದರೆ ಅದೇ 'ಸ್ಥಳಾಂತರ' ಎಂದು ದಾಖಲಾಗುವ ಅಪಾಯವಿದೆ. ತಾಂಡಾದಿಂದ ಕಬ್ಬು ಕಡಿಯಲು ಹೋದವರು, ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರು ಹೀಗೇ ಪಟ್ಟಿಯಿಂದ ಜಾರುತ್ತಾರೆ. ಕಾನೂನು ಇವರ ಪರವಾಗಿಯೇ ಇದೆ. 1950ರ ಜನಪ್ರಾತಿನಿಧ್ಯ ಕಾಯ್ದೆಯ 20ನೇ ಕಲಮಿನ ಪ್ರಕಾರ ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿ ಅಲ್ಲದವರಾಗುವುದಿಲ್ಲ. ದುಡಿಯಲು ಹೋಗುವ ಮುಂಚೆ ಬಿಎಲ್‌ಒಗೆ 'ಇಂಥ ತಿಂಗಳು ಬರುತ್ತೇವೆ' ಎಂದು ಬರೆದು ಕೊಟ್ಟು, ಒಂದು ಪ್ರತಿ ಇಟ್ಟುಕೊಂಡರೆ ಮುಂದೆ ವಾದಿಸಲು ಆಧಾರ ಸಿಗುತ್ತದೆ.

ಇನ್ನೊಂದು ಕಾಟ ಹೆಸರಿನ ಕಾಗುಣಿತ. ಹುಸೇನಸಾಬ, ಹುಸೇನ್ ಸಾಬ್, ಥಾವರ್ಯ, ತಾವರ್ಯ. ಕನ್ನಡದಿಂದ ಇಂಗ್ಲಿಷಿಗೆ ಹೋಗಿ ಬರುವಷ್ಟರಲ್ಲಿ ಒಂದೇ ಹೆಸರು ಬೇರೆ ಬೇರೆ ರೂಪ ತಾಳುತ್ತದೆ. ಸಣ್ಣಪುಟ್ಟ ವ್ಯತ್ಯಾಸವಿದ್ದರೆ ಮತಗಟ್ಟೆಯಲ್ಲಿ ತಡೆಯಬಾರದೆಂದು ಚುನಾವಣಾ ಆಯೋಗವೇ ಸೂಚಿಸಿದೆ. ಆದರೂ ಮೊದಲೇ ತಿದ್ದಿಸುವುದು ಲೇಸು.

ಹೊಸದಾಗಿ ಸೇರಲು ಫಾರಂ 6. ಮನೆ ಬದಲಾದರೆ, ತಿದ್ದುಪಡಿ ಬೇಕಾದರೆ, ಚೀಟಿ ಕಳೆದರೆ, ಅಂಗವಿಕಲರೆಂದು ನಮೂದಿಸಬೇಕಾದರೆ ಫಾರಂ 8. ಬೇರೆ ಕ್ಷೇತ್ರಕ್ಕೆ ಹೋದರೂ ಫಾರಂ 8 ಸಾಕು. ಗೊತ್ತಿಲ್ಲದೆ ಮತ್ತೆ ಫಾರಂ 6 ತುಂಬಿದರೆ ಎರಡು ಕಡೆ ಹೆಸರು ಬೀಳುತ್ತದೆ. ಸುಳ್ಳು ಘೋಷಣೆ ಎಂದಾದರೆ ಅದೇ 1950ರ ಕಾಯ್ದೆಯ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲಿಗೂ ಅವಕಾಶವಿದೆ. 18 ತುಂಬುವುದನ್ನು ಲೆಕ್ಕ ಹಾಕಲು ಈಗ ವರ್ಷಕ್ಕೆ ನಾಲ್ಕು ದಿನಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ದಾಟಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಸೂರಿಲ್ಲದವರಿಗೆ ವಿಳಾಸದ ದಾಖಲೆ ಇಲ್ಲವೆಂದು ಅರ್ಜಿ ತಿರಸ್ಕರಿಸುವಂತಿಲ್ಲ. ಅವರು ಹೇಳಿದ ಜಾಗದಲ್ಲಿ ನಿಜಕ್ಕೂ ಮಲಗುತ್ತಾರೆಯೇ ಎಂದು ಬಿಎಲ್‌ಒ ರಾತ್ರಿ ಹೋಗಿ ನೋಡಬೇಕು. ಈ ನಿಯಮ ಗೊತ್ತಿದ್ದವರು ಅವರ ಜೊತೆ ಕಚೇರಿಗೆ ಹೋಗಿ ನಿಲ್ಲಬೇಕು.

ಫಾರಂ 7 ಹರಿತವಾದ ಅಸ್ತ್ರ. ಇನ್ನೊಬ್ಬರ ಹೆಸರಿಗೆ ಆಕ್ಷೇಪಿಸಲು, ಹೆಸರು ತೆಗೆಸಲು ಬಳಸುವುದು ಇದನ್ನೇ. ಬಂದ ಅರ್ಜಿಗಳ ಪಟ್ಟಿಯನ್ನು ಮತದಾರರ ನೋಂದಣಿ ಅಧಿಕಾರಿ ಪ್ರಕಟಿಸಬೇಕು, ಆಕ್ಷೇಪಣೆಗೆ 7 ದಿನ ಕೊಡಬೇಕು. ಸತ್ತವರನ್ನು ಬಿಟ್ಟರೆ, ಮಾತು ಕೇಳದೆ ಯಾರ ಹೆಸರನ್ನೂ ತೆಗೆಯುವಂತಿಲ್ಲ. 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿ ಮಾಡಿತು: ಈಗಾಗಲೇ ಪಟ್ಟಿಯಲ್ಲಿರುವವರನ್ನು ತೆಗೆಯುವ ಮುನ್ನ ಕಾರಣ ತಿಳಿಸಿ, ದಾಖಲೆ ಕೊಡಲು ನ್ಯಾಯವಾದ ಅವಕಾಶ ಮಾಡಿಕೊಡಬೇಕು. ಆ 7 ದಿನದ ಪಟ್ಟಿಯನ್ನು ಓದುವವರು ಬಹಳ ಕಡಿಮೆ ಎಂಬುದೇ ನಿಜವಾದ ತೊಂದರೆ. ಪ್ರತಿ ಬೀದಿಗೆ ಒಬ್ಬರು ಇದನ್ನು ಹಚ್ಚಿಕೊಂಡರೂ ಬಹಳಷ್ಟು ಅನ್ಯಾಯ ನಿಲ್ಲುತ್ತದೆ.

ಕರಡು ಪಟ್ಟಿ ಬಂದಾಗ ನಿಮ್ಮ ಹೆಸರೊಂದನ್ನೇ ಹುಡುಕಬೇಡಿ. ನಿಮ್ಮ ಭಾಗದ ಇಡೀ ಪಟ್ಟಿ ತೆಗೆದುಕೊಂಡು ಮನೆ ನಂಬರ್ ಹಿಡಿದು ಓದಿ. ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿದರೆ ಇನ್ನೂ ಒಳ್ಳೆಯದು. ಮದುವೆಯಾಗಿ ಬಂದ ಸೊಸೆ, ತೀರಿಕೊಂಡ ಅಜ್ಜ, ಬಿಟ್ಟುಹೋದ ಬಾಡಿಗೆದಾರರು ಎಲ್ಲ ಅಲ್ಲೇ ಸ್ಪಷ್ಟವಾಗುತ್ತಾರೆ.

ಅರ್ಜಿ ತಿರಸ್ಕೃತವಾದರೆ ಆದೇಶದ ಪ್ರತಿ ಕೇಳಿ ಪಡೆಯಿರಿ. 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಬಾಯಿಮಾತಿನಲ್ಲಿ 'ಆಗಲ್ಲ' ಅಂದದ್ದಕ್ಕೆ ಮೇಲ್ಮನವಿ ಹಾಕಲು ಬರುವುದಿಲ್ಲ, ಹಾಗಾಗಿ ಲಿಖಿತ ಆದೇಶವೇ ಬೇಕು.

ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ತಡವಾಗುವ ಸಂಭವ ಹೆಚ್ಚು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದರೆ ಆ ಚುನಾವಣೆಗೆ ಹೆಸರು ಸೇರಿಸುವಂತಿಲ್ಲ. ಆಕ್ಷೇಪಣೆಯ 7 ದಿನವೂ ಕಳೆಯಬೇಕಾದ್ದರಿಂದ ಅರ್ಜಿ ಅದಕ್ಕೆ ಸುಮಾರು 10 ದಿನ ಮೊದಲೇ ಕೈಸೇರಿರಬೇಕು.

ಹೆಸರು ಪಟ್ಟಿಯಲ್ಲಿದ್ದು, ನಿಮ್ಮ ಮತವನ್ನು ಬೇರೆ ಯಾರೋ ಹಾಕಿಹೋಗಿದ್ದರೆ ಸುಮ್ಮನೆ ವಾಪಸ್ ಬರಬೇಡಿ. ಮತಗಟ್ಟೆ ಅಧ್ಯಕ್ಷಾಧಿಕಾರಿಯ ಬಳಿ 'ಟೆಂಡರ್ಡ್ ವೋಟ್' ಕೇಳಿ. ನಿಮ್ಮ ಗುರುತು ಖಚಿತವಾದರೆ ಫಾರಂ 17ಬಿಯಲ್ಲಿ ಸಹಿ ಪಡೆದು, ಯಂತ್ರದ ಬದಲು ಕಾಗದದ ಮತಪತ್ರ ಕೊಡುತ್ತಾರೆ. ಎಣಿಕೆಯ ದಿನ ಆ ಲಕೋಟೆ ತೆರೆಯುವುದಿಲ್ಲ. ಆದರೆ ಗೆಲುವಿನ ಅಂತರ ತೀರಾ ಕಡಿಮೆಯಿದ್ದು ವ್ಯಾಜ್ಯ ಹೈಕೋರ್ಟಿಗೆ ಹೋದರೆ, ಆ ಮತಪತ್ರವೇ ಸಾಕ್ಷ್ಯವಾಗುತ್ತದೆ.