ಧೃತರಾಷ್ಟ್ರನ ಕಿವಿ
ಕುರುಕ್ಷೇತ್ರದ ಯುದ್ಧ ನಮ್ಮನ್ನು ತಲುಪುವುದು ಕಣ್ಣು ಕಾಣದ ಅರಸನೊಬ್ಬನ ಕಿವಿಯ ಮೂಲಕ. ಇಷ್ಟು ವರ್ಷ ಮಹಾಭಾರತ ಓದಿಯೂ ಇದು ನನಗೆ ಹೊಳೆದದ್ದು ನಿನ್ನೆ ರಾತ್ರಿ. ವ್ಯಾಸರು ದೃಷ್ಟಿ ಕೊಡುತ್ತೇನೆಂದರೂ ಧೃತರಾಷ್ಟ್ರ ಬೇಡವೆಂದ. ತನ್ನವರು ಸಾಯುವುದನ್ನು ನೋಡಲಾರೆ, ಕೇಳುತ್ತೇನೆ ಎಂದ. ಹಾಗಾಗಿ ದಿವ್ಯದೃಷ್ಟಿ ಸಂಜಯನಿಗೆ ಸಿಕ್ಕಿತು. ಭಗವದ್ಗೀತೆಯ ಮೊದಲ ಮಾತೇ ಆ ಅರಸನ ಪ್ರಶ್ನೆ. ಅವನು ಕೇಳದಿದ್ದರೆ ನಮಗೂ ಕಥೆಯಿಲ್ಲ.

ಅಲ್ಲಿಂದ ಮನಸ್ಸು ನಮ್ಮ ದಿನನಿತ್ಯದ ಮಾತಿಗೆ ಬಂತು. ಕುರುಡು ನಂಬಿಕೆ, ಕುರುಡು ವ್ಯಾಮೋಹ, ‘ಕಣ್ಣಿದ್ದೂ ಕುರುಡ’. ನಮ್ಮ ಅವಿವೇಕಕ್ಕೆಲ್ಲ ಕಾಣದವರ ಹೆಸರನ್ನೇ ಅಂಟಿಸಿದ್ದೇವೆ. ನಾನೂ ಹೀಗೆ ಬರೆದಿದ್ದೇನೆ, ಈಗ ನೋವಾಗುತ್ತದೆ. ದೃಷ್ಟಿ ಪೂರ್ತಿ ಹೋದ ಮೇಲೆಯೇ ಅಲ್ಲವೇ ಇಂಗ್ಲಿಷ್ ಕವಿ ಮಿಲ್ಟನ್ ‘ಪ್ಯಾರಡೈಸ್ ಲಾಸ್ಟ್’ ಎಂಬ ತನ್ನ ಮಹಾಕಾವ್ಯವನ್ನು ಹೇಳಿ ಬರೆಸಿದ್ದು? 1667ರಲ್ಲಿ ಅದು ಅಚ್ಚಾಯಿತು.

ನೋಡುವವರ ಕಣ್ಣಿನಲ್ಲೂ, ನರ ಹೊರಡುವ ಜಾಗದಲ್ಲಿ, ಏನೂ ಕಾಣದ ಒಂದು ಚುಕ್ಕೆಯಿದೆ. ಸುತ್ತಲಿನದನ್ನು ನೆಚ್ಚಿ ಮಿದುಳು ಅದನ್ನು ತುಂಬಿಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಇಂದು ಬೆಳಿಗ್ಗೆ ಗೀತೆಯ ಆ ಮೊದಲ ಶ್ಲೋಕವನ್ನು ಓದದೆ, ಕಣ್ಣು ಮುಚ್ಚಿ ಕೇಳಿದೆ. ‘ಕಿಮಕುರ್ವತ ಸಂಜಯ’, ಏನು ಮಾಡಿದರು ಸಂಜಯ? ಆ ಪ್ರಶ್ನೆಯಲ್ಲಿ ಎಷ್ಟೊಂದು ಭಯವಿತ್ತು!